ಗಾರುಡಿಗನ ವೃತ್ತ: ದೆಹಲಿಯ ಬೀದಿ ಜಾದೂಗಾರರ ಪ್ರದರ್ಶನಕ್ರಮ

ಪಶ್ಚಿಮ ದೆಹಲಿಯ ಶಾದೀಪುರ ಬಸ್ ಡಿಪೋವಿನ ಸಮೀಪ ದಶಕಗಳ ಕಾಲ ಇದ್ದ ಕಠಪುತಲಿ ಕಾಲೋನಿಯ ಹೆಸರನ್ನು ರಾಜಧಾನಿಯ ಕನ್ನಡಿಗರಲ್ಲಿ ಅನೇಕರು ಕೇಳಿರುತ್ತಾರೆ. ರಾಜಸ್ಥಾನದಿಂದ ಬಂದು ನೆಲೆಸಿದ ಸೂತ್ರದ ಬೊಂಬೆಯಾಟದವರಿಂದ ಅದಕ್ಕೆ ಆ ಹೆಸರು ಬಂದಿತಾದರೂ ಹಗ್ಗದ ಮೇಲೆ ನಡೆಯುವವರು, ಹಾವಾಡಿಗರು, ಜಾದೂಗಾರರು ಎಲ್ಲರೂ ಆ ಕೊಳೆಗೇರಿಯಲ್ಲಿದ್ದರು. ಇವರಲ್ಲಿ ಬೀದಿ ಜಾದೂಗಾರನು ತನ್ನ ಆಟವನ್ನು ಹೇಗೆ ಕಟ್ಟುತ್ತಾನೆ ಎಂಬುದನ್ನು ವಿವರಿಸುವುದು ಇಲ್ಲಿ ನಮ್ಮ ಉದ್ದೇಶ. ಕೈಚಳಕದ ಗುಟ್ಟನ್ನು ಬಯಲುಮಾಡುವ ಕುತೂಹಲ ನಮಗಿಲ್ಲ. ಅದು ಅವರ ಅನ್ನದ ಪ್ರಶ್ನೆ.

ಕನ್ನಡದಲ್ಲಿ ಇವನಿಗೆ ಗಾರುಡಿಗ ಎಂಬ ಹಳೆಯ ಹೆಸರುಂಟು. ಗರುಡನ ಹೆಸರಿನಿಂದ ಹುಟ್ಟಿದ ಈ ಪದಕ್ಕೆ ಮೂಲದಲ್ಲಿ ವಿಷ ಇಳಿಸುವವನೆಂದು ಅರ್ಥ. 14ನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತ ತನ್ನ ಗ್ರಂಥಕ್ಕೆ ‘ಖಗೇಂದ್ರಮಣಿದರ್ಪಣ’ವೆಂದು ಹೆಸರಿಟ್ಟದ್ದೂ ಇದೇ ನಂಬಿಕೆಯಿಂದ. ವಿಷವೈದ್ಯನನ್ನು ಹೇಳುವ ಶಬ್ದ ಕಣ್ಕಟ್ಟಿನವನಿಗೂ ಸಂದದ್ದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಇಬ್ಬರೂ ಸಂತೆಯಲ್ಲಿ ಜನರನ್ನು ಸುತ್ತ ನಿಲ್ಲಿಸಿಕೊಂಡು ಮಾತಿನ ಬಲದಿಂದ ನಂಬಿಸಬೇಕಾದವರು. ನಮ್ಮ ಮೋಡಿಯಾಟದವರೂ ಸುಡುಗಾಡು ಸಿದ್ಧರೂ ಇದೇ ಬಳಗಕ್ಕೆ ಸೇರುತ್ತಾರೆ. 12ನೆಯ ಶತಮಾನದ ವಚನಕಾರರಲ್ಲಿ ಬಹುರೂಪಿ ಚೌಡಯ್ಯನೆಂಬವನು ವೇಷ ಹಾಕಿ ಬದುಕಿದವನೆಂಬುದನ್ನೂ ಇಲ್ಲಿ ನೆನೆಯಬಹುದು.

ಉತ್ತರದ ಜಾದೂಗಾರನಿಗೆ ರಂಗವಿಲ್ಲ, ಪರದೆಯಿಲ್ಲ, ಟಿಕೇಟಿಲ್ಲ. ಅವನ ಮೊದಲ ಕೆಲಸ ಜಾಗವೊಂದನ್ನು ಸೃಷ್ಟಿಸುವುದು. ಡಮರು ಬಾರಿಸುತ್ತಾನೆ, ಮೊದಲು ಬರುವವರು ಮಕ್ಕಳು. ಅವರನ್ನು ನೆಲದ ಮೇಲೆ ಕೂರಿಸಿ ಚಪ್ಪಾಳೆ ತಟ್ಟಿಸುತ್ತಾನೆ. ಕುಳಿತ ಮಕ್ಕಳೇ ವೃತ್ತದ ಒಳ ಅಂಚು. ಆ ಚಪ್ಪಾಳೆಯೇ ದೊಡ್ಡವರಿಗೆ ಕರೆ. ಹಿಂದೆ ನಿಂತವರನ್ನು ಮುಂದಕ್ಕೆ ಕರೆದು ಒತ್ತೊತ್ತಾಗಿ ನಿಲ್ಲಿಸುವುದರಲ್ಲಿಯೂ ಲೆಕ್ಕಾಚಾರವಿದೆ: ವಿರಳವಾಗಿ ನಿಂತ ಗುಂಪಿನಿಂದ ಜಾರಿಕೊಳ್ಳುವುದು ಸುಲಭ, ಬಿಗಿದ ಗುಂಪಿನಿಂದ ಕಷ್ಟ. ಒರಟು ಬಸ್ತಿಗಳಲ್ಲಿ ಈ ಕಟ್ಟುವಿಕೆ ಇನ್ನೂ ನಾಜೂಕಾದುದು. ಕುಡಿದವನೊಬ್ಬ ನುಗ್ಗಬಹುದು, ಅಂಗಡಿಯವನು ಬಾಗಿಲಿಗೆ ಅಡ್ಡವೆಂದು ಗದರಬಹುದು, ಗಲ್ಲಿಯ ಪುಂಡ ಗುಟ್ಟು ಹೇಳುತ್ತೇನೆಂದು ಕೂಗಬಹುದು. ಪಳಗಿದ ಆಟಗಾರ ಅಂಥವನೊಡನೆ ಜಗಳಕ್ಕಿಳಿಯುವುದಿಲ್ಲ; ಹಗ್ಗದ ತುದಿಯನ್ನೋ ಬಟ್ಟೆಯ ಗಂಟನ್ನೋ ಅವನ ಕೈಗೇ ಕೊಟ್ಟು, ನಾಲ್ಕು ಜನರೆದುರು ಅವನನ್ನು ಆಟದ ಸಾಕ್ಷಿಯಾಗಿಸುತ್ತಾನೆ.

ವೃತ್ತ ಗಟ್ಟಿಯಾದ ಮೇಲೆ ಬರುವುದು ಉಸ್ತಾದ ಮತ್ತು ಜಮೂರರ ಸಂವಾದ. ಜಮೂರನೆಂದರೆ ಶಿಷ್ಯ, ಬಹುಪಾಲು ಮನೆಯ ಹುಡುಗನೇ. ಅವನು ಬಟ್ಟೆ ಹೊದ್ದು ಮಲಗಿ, ಉಸ್ತಾದ ಕೇಳಿದಂತೆಲ್ಲ ನೋಡುಗರ ಅಂಗಿಯ ಬಣ್ಣ, ಜೇಬಿನ ವಸ್ತು ಮುಂತಾದವನ್ನು ಹೇಳುತ್ತಾನೆ. ಪ್ರಶ್ನೆಯ ಪದಗಳಲ್ಲಿಯೇ ಉತ್ತರ ಅಡಗಿರುತ್ತದೆಂಬುದು ಎಲ್ಲರೂ ಊಹಿಸಬಲ್ಲ ಸಂಗತಿ. ಆದರೆ ಊಹಿಸಿದವನೂ ನಗುತ್ತ ನಿಲ್ಲುವುದು ಆ ಮಾತಿನ ಲಯಕ್ಕಾಗಿ. ಹಿಂದಿಯ ಬೀದಿನಾಟಕಗಳು ಈ ಜೋಡಿಯನ್ನು ಎರವಲು ಪಡೆದು ರಾಜಕೀಯ ವಿಡಂಬನೆಗೆ ಬಳಸಿಕೊಂಡದ್ದು ಸುಮ್ಮನೆ ಅಲ್ಲ.

ಹಣ ಕೇಳುವ ಗಳಿಗೆಯೇ ಇಡೀ ಆಟದ ಕೀಲು. ಕೊನೆಯ ಚಮತ್ಕಾರವನ್ನು ತೋರಿಸಿದ ಬಳಿಕ ಕೇಳಿದರೆ ಜನ ಕರಗಿಬಿಡುತ್ತಾರೆ. ಆದ್ದರಿಂದ ಅದಕ್ಕೆ ತುಸು ಮೊದಲು ಕೇಳಬೇಕು. ಹುಡುಗನ ಕತ್ತಿಗೆ ಚೂರಿ ಹಾಕಿದಂತೆ ತೋರಿಸಿ, ಕೆಂಪು ತೊಟ್ಟಿಕ್ಕುವ ಬಟ್ಟೆಯನ್ನು ಹೊದಿಸಿ, ಅವನು ಬದುಕಬೇಕಾದರೆ ನಾಣ್ಯ ಬೀಳಬೇಕೆನ್ನುತ್ತಾನೆ. ಕೊಡದೆ ಹೊರಟವನಿಗೆ ಒಳ್ಳೆಯದಾಗದೆಂದೂ ಸೇರಿಸುತ್ತಾನೆ. ಸುಶಿಕ್ತರಿಗೆ ಇದು ಅಸಹ್ಯವೆನಿಸಬಹುದು. ನಮಗಂತೂ ಇದು ಟಿಕೇಟಿಲ್ಲದ ರಂಗಭೂಮಿಯ ಟಿಕೇಟು ಕಿಟಕಿಯೆಂದೇ ಕಾಣುತ್ತದೆ. ಅರ್ಧ ಭಯ, ಅರ್ಧ ನಗೆ ಬೆರೆತ ಆ ಕ್ಷಣದಲ್ಲಿ ನೋಡುಗನು ತಾನು ಈಗಾಗಲೇ ಪಡೆದುದಕ್ಕೆ ಬೆಲೆ ತೆರುತ್ತಾನೆ.

ಕಾನೂನು ಇದನ್ನು ಹೀಗೆ ನೋಡಲಿಲ್ಲ. 1959ರ ಮುಂಬಯಿ ಭಿಕ್ಷಾಟನೆ ತಡೆ ಅಧಿನಿಯಮ ಮುಂದೆ ದೆಹಲಿಗೂ ವಿಸ್ತರಿಸಲ್ಪಟ್ಟಿತು. ಹಾಡುವುದು, ಕುಣಿಯುವುದು, ಭವಿಷ್ಯ ನುಡಿಯುವುದು, ಆಟ ತೋರಿಸುವುದು ಇವುಗಳ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹಣ ಬೇಡುವುದನ್ನೂ ಅದು ಭಿಕ್ಷಾಟನೆಯೆಂದು ಕರೆಯಿತು. ‘ನೆಪ’ವೆಂಬ ಆ ಒಂದು ಪದದಲ್ಲಿ ವಿದ್ಯೆಯೊಂದು ಸುಳ್ಳಾಗಿಬಿಡುತ್ತದೆ. ಮೊದಲ ಸಲ ಸಿಕ್ಕಿಬಿದ್ದವನನ್ನೇ ಮೂರು ವರ್ಷಗಳವರೆಗೆ ಇರಿಸಿಕೊಳ್ಳಲು ಅದರಲ್ಲಿ ಅವಕಾಶವಿತ್ತು. ಬಂಧನದ ಭಯವಿರುವಲ್ಲಿ ಲಂಚಕ್ಕೆ ದಾರಿ ತೆರೆದೇ ಇರುತ್ತದೆ. 2018ರ ಆಗಸ್ಟ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಭಿಕ್ಷೆಯನ್ನು ಅಪರಾಧವಾಗಿಸುವ ವಿಧಿಗಳನ್ನು ರಾಜಧಾನಿಯ ಮಟ್ಟಿಗೆ ರದ್ದುಗೊಳಿಸಿತು.

ಅಷ್ಟರಲ್ಲಿ ನೆಲೆಯೇ ಹೋಗಿತ್ತು. ಕಠಪುತಲಿ ಕಾಲೋನಿಯ ಜಾಗದಲ್ಲಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವ ಯೋಜನೆಯನ್ನು 2009ರಲ್ಲಿ ಖಾಸಗಿ ನಿರ್ಮಾಣ ಸಂಸ್ಥೆಗೆ ವಹಿಸಲಾಯಿತು. 2017ರ ಅಕ್ಟೋಬರ್ ಕೊನೆಯಲ್ಲಿ ಪೊಲೀಸ್ ಬಲದೊಡನೆ ಮನೆಗಳ ನೆಲಸಮ ಆರಂಭವಾಯಿತು. ಅರ್ಹರೆಂದು ಗುರುತಿಸಲ್ಪಟ್ಟವರು ಆನಂದ ಪರ್ಬತದ ತಾತ್ಕಾಲಿಕ ಶಿಬಿರಕ್ಕೆ ಹೋದರು, ಅನೇಕರಿಗೆ ದೂರದ ನರೇಲಾದ ಮನೆಗಳು ದೊರೆತವು. ಪಕ್ಕಾ ಮನೆ ಬೇಡವೆಂದು ಯಾರೂ ಹೇಳಲಾರರು. ಆದರೆ ಉದ್ದನೆಯ ಗಳುಗಳನ್ನೂ ಡೋಲುಗಳನ್ನೂ ಮಹಡಿಯ ಸಣ್ಣ ಕೋಣೆಯಲ್ಲಿ ಎಲ್ಲಿಡುವುದು, ಹುಡುಗರಿಗೆ ಆಟ ಕಲಿಸಲು ಅಂಗಳವೆಲ್ಲಿ ಎಂದು ಕಲಾವಿದರು ಆಗಲೇ ಕೇಳಿದ್ದರು. ಒಂದೇ ಗಲ್ಲಿಯಲ್ಲಿದ್ದ ಉಸ್ತಾದ ನರೇಲಾ ಪಾಲಾಗಿ ಡೋಲಿನವನು ಆನಂದ ಪರ್ಬತದಲ್ಲಿ ಉಳಿದರೆ, ಒಂದು ಆಟಕ್ಕೆ ಸೇರಲು ಅವರು ನಗರದ ಅಷ್ಟು ದೂರವನ್ನು ದಾಟಬೇಕು; ಆ ಬಸ್ಸಿನ ಖರ್ಚು ಹೊರಡಬೇಕಾದದ್ದೂ ಬೀದಿಯಲ್ಲಿ ಬಿದ್ದ ನಾಣ್ಯಗಳಿಂದಲೇ.