ಗ್ರಾಮ ಪಂಚಾಯತಿ ಕಚೇರಿಯ ವೈ-ಫೈ ರೂಟರ್: ಅಳವಡಿಕೆ, ಭದ್ರತೆ ಮತ್ತು ಕೀಲಿಯ ಹೊಣೆ

ಗ್ರಾಮ ಪಂಚಾಯತಿ ಕಚೇರಿಯಲ್ಲಿ ಇಂದು ನಡೆಯುವ ಕೆಲಸಗಳಲ್ಲಿ ಹೆಚ್ಚಿನವು ಅಂತರ್ಜಾಲದ ಮೂಲಕವೇ ಸಾಗುತ್ತವೆ. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ನ್ನು ವಿತರಿಸುವುದು, ಪಂಚತಂತ್ರದಲ್ಲಿ ತೆರಿಗೆ ವಸೂಲಿಯನ್ನು ದಾಖಲಿಸುವುದು, ಇ-ಗ್ರಾಮಸ್ವರಾಜ್ ಮೂಲಕ ಡಿಜಿಟಲ್ ಸಹಿಯಿಂದ ಹಣ ಪಾವತಿಸುವುದು, ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿ ಸ್ವೀಕರಿಸುವುದು, ಇವೆಲ್ಲವೂ ಗೋಡೆಯ ಮೂಲೆಯಲ್ಲಿರುವ ಒಂದು ಸಣ್ಣ ಪೆಟ್ಟಿಗೆಯನ್ನು ದಾಟಿಯೇ ಹೋಗಬೇಕು. ಆ ಪೆಟ್ಟಿಗೆಯೇ ರೂಟರ್. ದಾಖಲೆ ಕೊಠಡಿಯ ಬೀಗದ ಕೈ ಯಾರ ವಶದಲ್ಲಿದೆ ಎಂಬುದು ಸದಸ್ಯರಿಗೆಲ್ಲ ತಿಳಿದಿರುತ್ತದೆ. ರೂಟರಿನ ಕೀಲಿ ಯಾರ ವಶದಲ್ಲಿದೆ ಎಂದು ಕೇಳಿದರೆ ಖಚಿತವಾದ ಉತ್ತರ ದೊರೆಯುವ ಕಚೇರಿಗಳು ವಿರಳ.

ರೂಟರನ್ನು ಸದಸ್ಯರೇ ಸ್ವತಃ ಜೋಡಿಸಬೇಕಾಗಿಲ್ಲ. ಆದರೆ ಅದರ ಖರೀದಿಗೆ ಅನುಮೋದನೆ ನೀಡುವುದು ಸಾಮಾನ್ಯ ಸಭೆ. ಅದರ ವೆಚ್ಚವನ್ನು ಪರಿಶೀಲಿಸುವವರೂ, ಕೆಲಸ ನಿಂತಾಗ ಸಾರ್ವಜನಿಕರಿಗೆ ಉತ್ತರಿಸುವವರೂ ಸದಸ್ಯರೇ. ಅಳವಡಿಕೆಯ ಕೆಲಸ ಸರಿಯಾಗಿ ಆಗಿದೆಯೇ ಎಂದು ಪ್ರಶ್ನಿಸಲು ಬೇಕಾದಷ್ಟು ತಿಳಿವಳಿಕೆಯನ್ನು ಒದಗಿಸುವುದೇ ಈ ಲೇಖನದ ಉದ್ದೇಶ.

ಬೆಳಕು ಬರುವ ಪೆಟ್ಟಿಗೆ, ಹಂಚುವ ಪೆಟ್ಟಿಗೆ

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಂತು ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಅನುಮೋದನೆ ನೀಡಿತು. ಆ ಯೋಜನೆಯೇ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಈ ತಂತುವಿನಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆ ಬೆಳಕನ್ನು ಕಂಪ್ಯೂಟರಿಗೆ ಅರ್ಥವಾಗುವ ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುವ ಸಾಧನಕ್ಕೆ ಓಎನ್‌ಟಿ ಎನ್ನುತ್ತಾರೆ. ಹೀಗೆ ಬಂದ ಒಂದು ಸಂಪರ್ಕವನ್ನು ಕಚೇರಿಯ ಹಲವು ಕಂಪ್ಯೂಟರು, ಮುದ್ರಣಯಂತ್ರ ಮತ್ತು ಮೊಬೈಲುಗಳಿಗೆ ಹಂಚುವುದು ರೂಟರಿನ ಕೆಲಸ. ಕೆಲವು ಕಚೇರಿಗಳಲ್ಲಿ ಎರಡೂ ಕೆಲಸಗಳನ್ನು ಒಂದೇ ಪೆಟ್ಟಿಗೆ ಮಾಡುತ್ತದೆ.

ಈ ವ್ಯತ್ಯಾಸ ತಿಳಿದಿದ್ದರೆ ದೋಷ ಎಲ್ಲಿದೆ ಎಂಬುದನ್ನು ಅರ್ಧ ನಿಮಿಷದಲ್ಲಿ ಗುರುತಿಸಬಹುದು. ಓಎನ್‌ಟಿಯ ಮುಂಭಾಗದಲ್ಲಿ ಪಿಓಎನ್ ಮತ್ತು ಎಲ್‌ಓಎಸ್ ಎಂಬ ಎರಡು ದೀಪಗಳಿರುತ್ತವೆ. ಪಿಓಎನ್ ದೀಪ ಹಸಿರಾಗಿ ಸ್ಥಿರವಾಗಿ ಉರಿಯುತ್ತಿದ್ದರೆ ಹೊರಗಿನಿಂದ ಬೆಳಕು ಬರುತ್ತಿದೆ ಎಂದರ್ಥ. ಎಲ್‌ಓಎಸ್ ದೀಪ ಕೆಂಪಾಗಿದ್ದರೆ ತಂತು ಎಲ್ಲೋ ತುಂಡಾಗಿದೆ ಅಥವಾ ಸಡಿಲಗೊಂಡಿದೆ. ರಸ್ತೆ ಅಗಲೀಕರಣಕ್ಕೋ ಕುಡಿಯುವ ನೀರಿನ ಕೊಳವೆಗೋ ನೆಲ ಅಗೆದ ಮರುದಿನ ಈ ಕೆಂಪು ದೀಪ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಅಂತಹ ಸಂದರ್ಭದಲ್ಲಿ ರೂಟರನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ಸೇವೆ ಒದಗಿಸುವ ಸಂಸ್ಥೆಗೆ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಎಲ್ಲ ದೀಪಗಳೂ ಸರಿಯಾಗಿದ್ದು ಕಂಪ್ಯೂಟರಿನಲ್ಲಿ ಮಾತ್ರ ಸಂಪರ್ಕ ಇಲ್ಲದಿದ್ದರೆ ದೋಷವನ್ನು ಮೊದಲು ಕಚೇರಿಯ ಒಳಗೆ ಹುಡುಕುವುದು ಸರಿ.

ರೂಟರ್ ಇಡುವ ಜಾಗದ ಬಗ್ಗೆ ಒಂದು ಮಾತು. ಕಳವಾಗದಿರಲೆಂದು ಅದನ್ನು ಕಬ್ಬಿಣದ ಬೀರುವಿನೊಳಗೆ ಇಟ್ಟು ಬೀಗ ಹಾಕಿದರೆ ಸಂಕೇತವೂ ಒಳಗೇ ಉಳಿಯುತ್ತದೆ. ಲೋಹ ಮತ್ತು ದಪ್ಪ ಕಲ್ಲಿನ ಗೋಡೆ ವೈ-ಫೈ ತರಂಗಗಳನ್ನು ತಡೆಯುತ್ತವೆ. ಕಚೇರಿಯ ನಡುಭಾಗದಲ್ಲಿ, ಆಳೆತ್ತರಕ್ಕಿಂತ ಮೇಲೆ, ಮರದ ಹಲಗೆಯ ಮೇಲೆ ಇಡುವುದು ಉತ್ತಮ. ಇಂದಿನ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ತರಂಗ ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಗೋಡೆ ದಾಟಿ ದೂರ ತಲುಪುತ್ತದೆ, ಎರಡನೆಯದು ಹತ್ತಿರದಲ್ಲಿ ಹೆಚ್ಚು ವೇಗ ನೀಡುತ್ತದೆ. ಇನ್ನು ಕರಣಿಕರ ಮೇಜಿನ ಮೇಲೆ ಕದಲದೆ ಕೂತಿರುವ ಕಂಪ್ಯೂಟರಿಗೆ ವೈ-ಫೈ ಅಗತ್ಯವೇ ಇಲ್ಲ. ನೇರವಾಗಿ ಕೇಬಲ್ ಜೋಡಿಸಿದರೆ ಸಂಪರ್ಕ ಹೆಚ್ಚು ಸ್ಥಿರವಾಗಿರುತ್ತದೆ.

ವಿದ್ಯುತ್ ಹೋದಾಗ ಕಂಪ್ಯೂಟರಿಗೆ ಯುಪಿಎಸ್ ಇದ್ದು ಓಎನ್‌ಟಿ ಅಥವಾ ರೂಟರಿಗೆ ಇಲ್ಲದಿದ್ದರೆ ಕೆಲಸ ನಿಂತೇ ನಿಲ್ಲುತ್ತದೆ. ಎರಡೂ ಪೆಟ್ಟಿಗೆಗಳಿಗೆ ಬದಲಿ ವಿದ್ಯುತ್ ಬೇಕು. ಅವು ಬಳಸುವ ವಿದ್ಯುತ್ ಬಹಳ ಕಡಿಮೆಯಾದ್ದರಿಂದ ಇದಕ್ಕೆಂದೇ ದೊರೆಯುವ ಸಣ್ಣ ಯುಪಿಎಸ್ ಸಾಕಾಗುತ್ತದೆ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಮುದ್ರಿಸಿರುವ ವೋಲ್ಟ್ ಮತ್ತು ಆಂಪಿಯರ್ ಸಂಖ್ಯೆಗಳನ್ನು ಹೋಲಿಸಿ ನೋಡುವುದು ಕಡ್ಡಾಯ. 9 ವೋಲ್ಟಿನ ಪೆಟ್ಟಿಗೆಗೆ 12 ವೋಲ್ಟ್ ಹರಿಸಿದರೆ ಅದು ಸುಟ್ಟುಹೋಗಬಹುದು.

ಪಾಸ್‌ವರ್ಡ್ ಒಂದಲ್ಲ, ಎರಡು

ರೂಟರಿನ ವಿಷಯದಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಮೊಬೈಲನ್ನು ವೈ-ಫೈಗೆ ಸೇರಿಸಲು ಕೇಳುವ ಪಾಸ್‌ವರ್ಡ್ ಒಂದು. ರೂಟರಿನ ವ್ಯವಸ್ಥೆಯನ್ನೇ ಬದಲಿಸಲು ಬೇಕಾಗುವ ಆಡಳಿತ ಪಾಸ್‌ವರ್ಡ್ ಇನ್ನೊಂದು. ಮೊದಲನೆಯದು ಕಚೇರಿಯ ಬಾಗಿಲು ತೆರೆಯುವ ಕೀಲಿಯಾದರೆ, ಎರಡನೆಯದು ಬೀಗವನ್ನೇ ಬದಲಿಸುವ ಅಧಿಕಾರ. ಮೊದಲನೆಯದನ್ನು ಎಷ್ಟು ಕಠಿಣವಾಗಿ ಇಟ್ಟರೂ ಎರಡನೆಯದನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟರೆ ಭದ್ರತೆ ಇಲ್ಲದಂತೆಯೇ ಸರಿ. ಅನೇಕ ರೂಟರುಗಳಲ್ಲಿ ಕಾರ್ಖಾನೆ ನೀಡುವ ಹೆಸರೂ ಪಾಸ್‌ವರ್ಡೂ ಎರಡೂ 'ಅಡ್ಮಿನ್' ಎಂದೇ ಇರುತ್ತವೆ. ಇದು ಜಗತ್ತಿಗೆಲ್ಲ ತಿಳಿದ ಸಂಗತಿ.

ಇದರ ಪರಿಣಾಮವನ್ನು ರಾಜ್ಯವು ಪ್ರತ್ಯಕ್ಷ ಕಂಡಿದೆ. 2017ರ ಜುಲೈ ತಿಂಗಳಿನಲ್ಲಿ ಬಿಎಸ್‌ಎನ್‌ಎಲ್ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ಕುತಂತ್ರಾಂಶದ ದಾಳಿ ನಡೆಯಿತು. ಅದಕ್ಕೆ ಗುರಿಯಾದವು ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಸಂಸ್ಥೆಯು ಗ್ರಾಹಕರಿಗೆ ಸೂಚನೆ ಹೊರಡಿಸಬೇಕಾಯಿತು. ಅದರ ಹಿಂದಿನ ವರ್ಷವಷ್ಟೇ, 2016ರಲ್ಲಿ, ಮಿರಾಯ್ ಎಂಬ ಕುತಂತ್ರಾಂಶವು ಇಂತಹ ಅರವತ್ತರಷ್ಟು ಸಿದ್ಧ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿಯೇ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡಿತ್ತು. ಇಲ್ಲಿ ದಾಳಿ ಮಾಡುವುದು ಯಂತ್ರ. ಸಣ್ಣ ಹಳ್ಳಿಯ ಕಚೇರಿ ಎಂದು ಅದು ಬಿಟ್ಟುಹೋಗುವುದಿಲ್ಲ.

ಆಡಳಿತ ಪಾಸ್‌ವರ್ಡ್ ಅನ್ಯರ ಕೈಸೇರಿದರೆ ಆಗಬಹುದಾದ ಹಾನಿ ಅಂತರ್ಜಾಲ ನಿಲ್ಲುವುದಷ್ಟೇ ಅಲ್ಲ. ಜಾಲತಾಣದ ಹೆಸರನ್ನು ಬೆರಳಚ್ಚಿಸಿದಾಗ ಅದರ ಸಂಖ್ಯಾ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯೊಂದು ರೂಟರಿನಲ್ಲಿ ನಮೂದಾಗಿರುತ್ತದೆ. ಅದನ್ನು ಬದಲಿಸಿದವನು ಸರಿಯಾದ ಹೆಸರನ್ನೇ ಬೆರಳಚ್ಚಿಸಿದ ಸಿಬ್ಬಂದಿಯನ್ನು ನಕಲಿ ಪುಟಕ್ಕೆ ಕರೆದೊಯ್ಯಬಲ್ಲನು. ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ, ನಿಜ. ಆದರೆ ಸರದಿಯಲ್ಲಿ ಇಪ್ಪತ್ತು ಜನ ನಿಂತಿರುವಾಗ ಎಚ್ಚರಿಕೆಯನ್ನು ಓದದೆ 'ಮುಂದುವರಿ' ಎಂದು ಒತ್ತುವ ರೂಢಿ ಎಲ್ಲೆಡೆ ಇದೆ. ಅಲ್ಲಿ ನೀಡಿದ ಲಾಗಿನ್ ವಿವರವು ನಿವೇಶನದ ದಾಖಲೆಗೂ ಪಂಚಾಯತಿಯ ಹಣಕ್ಕೂ ದಾರಿಯಾಗಬಹುದು.

ಅಳವಡಿಸುವ ದಿನ

ಓಎನ್‌ಟಿಯಿಂದ ಬರುವ ಕೇಬಲನ್ನು ರೂಟರಿನ 'ವ್ಯಾನ್' ಎಂದು ಗುರುತಿಸಿದ ರಂಧ್ರಕ್ಕೆ, ಕಂಪ್ಯೂಟರಿನ ಕೇಬಲನ್ನು 'ಲ್ಯಾನ್' ರಂಧ್ರಗಳಲ್ಲಿ ಒಂದಕ್ಕೆ ಜೋಡಿಸಬೇಕು. ಮೊದಲ ಬಾರಿಯ ಹೊಂದಾಣಿಕೆಯನ್ನು ವೈ-ಫೈ ಬದಲು ಕೇಬಲ್ ಮೂಲಕ ಮಾಡುವುದು ಸುರಕ್ಷಿತ. ರೂಟರಿನ ತಳದಲ್ಲಿರುವ ಚೀಟಿಯಲ್ಲಿ 192.168.1.1 ಅಥವಾ 192.168.0.1 ಎಂಬಂತಹ ಸಂಖ್ಯೆ ಇರುತ್ತದೆ. ಅದನ್ನು ಬ್ರೌಸರಿನಲ್ಲಿ ಬೆರಳಚ್ಚಿಸಿದರೆ ರೂಟರಿನ ಆಡಳಿತ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಮಾಡಬೇಕಾದ ಮೊದಲ ಕೆಲಸ ಆಡಳಿತ ಪಾಸ್‌ವರ್ಡ್ ಬದಲಾವಣೆ, ಉಳಿದದ್ದೆಲ್ಲ ಆನಂತರ. ಸೇವಾ ಸಂಸ್ಥೆ ನೀಡಿದ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇದ್ದಲ್ಲಿ ಸಂಪರ್ಕದ ಬಗೆಯನ್ನು ಪಿಪಿಪಿಓಇ ಎಂದು ಆರಿಸಿ ಅವುಗಳನ್ನು ನಮೂದಿಸಬೇಕು.

ಓಎನ್‌ಟಿ ಸ್ವತಃ ರೂಟರಿನ ಕೆಲಸವನ್ನೂ ಮಾಡುತ್ತಿರುವಲ್ಲಿ ಹೊಸ ರೂಟರ್ ಸೇರಿಸಿದರೆ ವಿಚಿತ್ರ ತೊಂದರೆಯೊಂದು ಎದುರಾಗಬಹುದು. ಎರಡೂ ಪೆಟ್ಟಿಗೆಗಳು 192.168.1.1 ಎಂಬ ಒಂದೇ ವಿಳಾಸ ಹೊಂದಿದ್ದರೆ, ಒಂದೇ ಮನೆ ಸಂಖ್ಯೆಯ ಎರಡು ಮನೆಗಳ ನಡುವೆ ಸಿಲುಕಿದ ಅಂಚೆಯಂತೆ ಮಾಹಿತಿ ದಾರಿ ತಪ್ಪುತ್ತದೆ. ಹೊಸ ರೂಟರಿನ ವಿಳಾಸವನ್ನು 192.168.2.1 ಎಂದು ಬದಲಿಸಿದರೆ, ಇಲ್ಲವೇ ಅದನ್ನು 'ಆ್ಯಕ್ಸೆಸ್ ಪಾಯಿಂಟ್' ವಿಧಾನಕ್ಕೆ ತಂದರೆ ಇದು ಪರಿಹಾರವಾಗುತ್ತದೆ. ಜಾಲದಲ್ಲಿರುವ ಮುದ್ರಣಯಂತ್ರ ಆಗಾಗ್ಗೆ 'ಕಾಣೆಯಾಗುವ' ದೂರಿಗೂ ಕಾರಣ ವಿಳಾಸವೇ. ರೂಟರ್ ಮತ್ತೆ ಚಾಲನೆಗೊಂಡಾಗ ಸಾಧನಗಳಿಗೆ ಹೊಸ ವಿಳಾಸ ನೀಡುವ ಸಂಭವವಿದೆ. ಮುದ್ರಣಯಂತ್ರಕ್ಕೆ ಒಂದು ವಿಳಾಸವನ್ನು ಕಾಯ್ದಿರಿಸುವ ಸೌಲಭ್ಯ ಆಡಳಿತ ಪುಟದಲ್ಲಿಯೇ ಇರುತ್ತದೆ.

ವೈ-ಫೈ ಭದ್ರತೆಯ ಬಗೆಯನ್ನು ಡಬ್ಲ್ಯುಪಿಎ 3 ಎಂದು, ಹಳೆಯ ಸಾಧನಗಳಿದ್ದಲ್ಲಿ ಡಬ್ಲ್ಯುಪಿಎ 2 ಎಂದು ಆರಿಸಬೇಕು. ಡಬ್ಲ್ಯುಇಪಿ ಎಂಬ ಹಳೆಯ ವಿಧಾನವನ್ನು ಭೇದಿಸಬಹುದೆಂದು 2001ರಲ್ಲಿಯೇ ತೋರಿಸಲಾಗಿದೆ. ಅದನ್ನು ಬಿಟ್ಟು ಬೇರೆ ಸೌಲಭ್ಯವಿಲ್ಲದ ರೂಟರ್ ಕಚೇರಿಯಲ್ಲಿದ್ದರೆ ಅದನ್ನು ಬದಲಿಸುವುದೇ ಮಾರ್ಗ. ಪಾಸ್‌ವರ್ಡಿಗೆ ಕನಿಷ್ಠ 8 ಅಕ್ಷರ ಬೇಕೆಂಬುದು ತಾಂತ್ರಿಕ ನಿಯಮವಾದರೂ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಸೇರಿಸಿದ ಉದ್ದನೆಯ ಪಾಸ್‌ವರ್ಡ್ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಊರಿನ ಹೆಸರಿನ ಮುಂದೆ 123 ಸೇರಿಸುವುದು, ಪಿನ್‌ಕೋಡ್ ಅಥವಾ ಅಧ್ಯಕ್ಷರ ಮೊಬೈಲ್ ಸಂಖ್ಯೆಯನ್ನೇ ಇಡುವುದು ಸಲ್ಲದು.

ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ನೀಡಿ ಸಂಪರ್ಕ ಪಡೆಯುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಆರಿಸಿಡಬೇಕು. ಎಂಟಂಕಿಯೆಂದರೆ ಹತ್ತು ಕೋಟಿ ಸಾಧ್ಯತೆಗಳೆಂದು ತೋರುತ್ತದೆ. ಆದರೆ ರೂಟರ್ ಆ ಸಂಖ್ಯೆಯನ್ನು ಎರಡು ತುಂಡುಗಳಾಗಿ ಪರಿಶೀಲಿಸುವುದರಿಂದ ಮತ್ತು ಕೊನೆಯ ಅಂಕಿ ಉಳಿದವುಗಳಿಂದಲೇ ಲೆಕ್ಕ ಸಿಗುವುದರಿಂದ 11,000 ಪ್ರಯತ್ನಗಳಲ್ಲಿ ಅದು ಸಿಕ್ಕಿಬೀಳುತ್ತದೆಂದು 2011ರಲ್ಲಿ ಬಹಿರಂಗವಾಯಿತು. ಹೊರಗಿನಿಂದ ರೂಟರನ್ನು ನಿಯಂತ್ರಿಸುವ 'ರಿಮೋಟ್ ಮ್ಯಾನೇಜ್‌ಮೆಂಟ್' ಅನ್ನೂ ಮುಚ್ಚಬೇಕು. ವೈ-ಫೈ ಹೆಸರನ್ನು ಮರೆಮಾಡಿದರೆ ಸುರಕ್ಷಿತ ಎಂಬ ನಂಬಿಕೆ ಕೆಲವೆಡೆ ಇದೆ. ಅದರಿಂದ ಹೇಳಿಕೊಳ್ಳುವ ರಕ್ಷಣೆ ದೊರೆಯುವುದಿಲ್ಲ.

ಸಾರ್ವಜನಿಕರಿಗೆ ಪ್ರತ್ಯೇಕ ಜಾಲ

ಕಚೇರಿಗೆ ಬಂದವರು ವೈ-ಫೈ ಕೇಳುವುದು ಸಹಜ. ಗ್ರಂಥಾಲಯದ ಅರಿವು ಕೇಂದ್ರ ಅದೇ ಕಟ್ಟಡದಲ್ಲಿದ್ದರೆ ಮಕ್ಕಳಿಗೂ ಸಂಪರ್ಕ ಬೇಕು. ಅದನ್ನು ನಿರಾಕರಿಸುವುದು ಸರಿಯಲ್ಲ, ಕಚೇರಿಯ ಜಾಲಕ್ಕೇ ಸೇರಿಸಿಕೊಳ್ಳುವುದೂ ಸರಿಯಲ್ಲ. ಬಹುತೇಕ ರೂಟರುಗಳಲ್ಲಿ 'ಗೆಸ್ಟ್' ಎಂಬ ಎರಡನೆಯ ಜಾಲವನ್ನು ತೆರೆಯುವ ಅವಕಾಶವಿದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಮಿತಗೊಳಿಸಿದ ವೇಗ ಇರುತ್ತದೆ. ಅದರಲ್ಲಿರುವವರಿಗೆ ಅಂತರ್ಜಾಲ ಸಿಗುತ್ತದೆ. ಕಚೇರಿಯ ಕಂಪ್ಯೂಟರು, ಮುದ್ರಣಯಂತ್ರ, ಹಂಚಿಕೊಂಡ ಕಡತಗಳು ಕಾಣುವುದಿಲ್ಲ. ಸ್ಥಳೀಯ ಜಾಲಕ್ಕೆ ಪ್ರವೇಶ ನೀಡುವ ಆಯ್ಕೆ ಅಲ್ಲಿದ್ದರೆ ಅದನ್ನು ಗುರುತು ಹಾಕದೆ ಬಿಡಬೇಕು.

ಆದರೂ ಒಂದು ಮಿತಿ ಉಳಿಯುತ್ತದೆ. ಹೊರಜಗತ್ತಿಗೆ ಎರಡೂ ಜಾಲಗಳು ಒಂದೇ ವಿಳಾಸದಿಂದ ಕಾಣುತ್ತವೆ. ಅದನ್ನು ಬಳಸಿ ಯಾರಾದರೂ ಬೆದರಿಕೆ ಸಂದೇಶ ಕಳುಹಿಸಿದರೆ ಅಥವಾ ವಂಚನೆ ಎಸಗಿದರೆ ತನಿಖೆ ಮೊದಲು ತಲುಪುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರನ್ನು, ಅಂದರೆ ಪಂಚಾಯತಿಯನ್ನು. ಆದ್ದರಿಂದ ಅತಿಥಿ ಜಾಲದ ಪಾಸ್‌ವರ್ಡನ್ನು ಗೋಡೆಗೆ ಅಂಟಿಸದೆ ಕೇಳಿದವರಿಗೆ ನೀಡುವುದು, ತಿಂಗಳಿಗೊಮ್ಮೆ ಬದಲಿಸುವುದು, ಕಚೇರಿ ಮುಚ್ಚಿದ ಮೇಲೆ ಅದು ತಾನಾಗಿ ಆರುವಂತೆ ಸಮಯ ನಿಗದಿಪಡಿಸುವುದು ಉಚಿತ.

ಕೀಲಿಯು ವ್ಯಕ್ತಿಯದಲ್ಲ, ಕಚೇರಿಯದು

ರೂಟರ್ ಅಳವಡಿಸಿದ ಖಾಸಗಿ ತಂತ್ರಜ್ಞನ ಮೊಬೈಲಿನಲ್ಲಿ ಅಥವಾ ಡಾಟಾ ಎಂಟ್ರಿ ಆಪರೇಟರ್ ನೆನಪಿನಲ್ಲಿ ಮಾತ್ರ ಆಡಳಿತ ಪಾಸ್‌ವರ್ಡ್ ಉಳಿದರೆ, ಆ ವ್ಯಕ್ತಿ ವರ್ಗಾವಣೆಗೊಂಡ ದಿನವೇ ತೊಂದರೆ ಆರಂಭವಾಗುತ್ತದೆ. ಆಗ ಉಳಿಯುವ ದಾರಿಯೆಂದರೆ ಹಿಂಭಾಗದ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ರೀಸೆಟ್ ಮಾಡುವುದು. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಮೊದಲನೆಯದರಿಂದ ಏನೂ ಅಳಿಯುವುದಿಲ್ಲ. ಎರಡನೆಯದರಿಂದ ಸೇವಾ ಸಂಸ್ಥೆಯ ಖಾತೆ ವಿವರ ಸಹಿತ ಎಲ್ಲವೂ ಅಳಿದು ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ, 'ಅಡ್ಮಿನ್' ಪಾಸ್‌ವರ್ಡೂ ಮರಳಿ ಬರುತ್ತದೆ. ಸೇವಾ ಸಂಸ್ಥೆಗೆ ಸೇರಿದ ಓಎನ್‌ಟಿಯನ್ನಂತೂ ರೀಸೆಟ್ ಮಾಡಲೇಬಾರದು.

ಪಾಸ್‌ವರ್ಡುಗಳನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಮೊಹರು ಹಾಕಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ವಶದಲ್ಲಿರುವ ಬೀರುವಿನಲ್ಲಿ ಇಡುವುದು ಸರಳ ಮತ್ತು ಸಾಕಷ್ಟು ಭದ್ರ ಕ್ರಮ. ದಾಸ್ತಾನು ವಹಿಯಲ್ಲಿ ರೂಟರಿನ ಮಾದರಿ, ಕ್ರಮಸಂಖ್ಯೆ, ಅಳವಡಿಸಿದ ದಿನಾಂಕದ ಜೊತೆಗೆ ಲಕೋಟೆಯ ಉಲ್ಲೇಖವೂ ಇರಲಿ. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀಗದ ಕೈಗಳ ಸಾಲಿನಲ್ಲಿಯೇ ಇದನ್ನೂ ಸೇರಿಸಬೇಕು, ಹೊಸಬರು ಪ್ರಭಾರ ಪಡೆದ ದಿನವೇ ಎರಡೂ ಪಾಸ್‌ವರ್ಡುಗಳನ್ನು ಬದಲಿಸಬೇಕು. ಸಭೆಯಲ್ಲಿ ಈ ವಿಷಯ ಚರ್ಚೆಯಾದಾಗ ಪಾಸ್‌ವರ್ಡನ್ನು ಮಾತ್ರ ನಡವಳಿ ಪುಸ್ತಕದಲ್ಲಿ ದಾಖಲಿಸುವಂತಿಲ್ಲ. ನಡವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಪಡೆಯಬಹುದು.

ಮೂರು ತಿಂಗಳಿಗೊಮ್ಮೆ ಆಡಳಿತ ಪುಟವನ್ನು ತೆರೆದು ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿಯನ್ನು ನೋಡುವುದು ಹತ್ತು ನಿಮಿಷದ ಕೆಲಸ. ಕಚೇರಿಯಲ್ಲಿ ಆರು ಸಾಧನಗಳಿದ್ದು ಪಟ್ಟಿಯಲ್ಲಿ ಹದಿನಾರು ಕಂಡರೆ ಪಾಸ್‌ವರ್ಡ್ ಹೊರಗೆ ಹೋಗಿದೆ ಎಂದೇ ತಿಳಿಯಬೇಕು. ತಯಾರಕರು ನೀಡುವ ತಂತ್ರಾಂಶದ ಪರಿಷ್ಕರಣೆಯನ್ನು, ಅಂದರೆ ಫರ್ಮ್‌ವೇರ್ ಅಪ್‌ಡೇಟನ್ನು, ಅದೇ ವೇಳೆ ಅಳವಡಿಸಬಹುದು. ಡಿಎನ್‌ಎಸ್ ಬದಲಾಗಿರುವುದು ಅಥವಾ ಆಡಳಿತ ಪಾಸ್‌ವರ್ಡ್ ಇದ್ದಕ್ಕಿದ್ದಂತೆ ಕೆಲಸ ಮಾಡದಿರುವುದು ಕಂಡುಬಂದರೆ ವ್ಯಾನ್ ಕೇಬಲನ್ನು ತೆಗೆದು, ವಿಷಯವನ್ನು ಅಂದೇ ತಾಲ್ಲೂಕು ಪಂಚಾಯತಿಗೆ ತಿಳಿಸಬೇಕು. ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸರ್ಕಾರಿ ಸಂಸ್ಥೆಗಳಿಗೂ ವಿಧಿಸಿರುವುದರಿಂದ ಮರುದಿನದವರೆಗೆ ಕಾಯಲು ಅವಕಾಶವಿಲ್ಲ. ಹಣ ವಂಚನೆಯಾಗಿದ್ದಲ್ಲಿ 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಬೇಕು.

ಹಳೆಯ ರೂಟರನ್ನು ವಿಲೇವಾರಿ ಮಾಡುವಾಗ ಮಾತ್ರ ರೀಸೆಟ್ ಗುಂಡಿ ಉಪಯೋಗಕ್ಕೆ ಬರುತ್ತದೆ. ಹಾಗೆಯೇ ಹೊರಗೆ ಹೋದ ಪೆಟ್ಟಿಗೆಯಲ್ಲಿ ಪಂಚಾಯತಿಯ ಖಾತೆ ವಿವರ ಮತ್ತು ಪಾಸ್‌ವರ್ಡುಗಳು ಉಳಿದಿರುತ್ತವೆ. ಮೊದಲು ರೀಸೆಟ್ ಮಾಡಿ, ದಾಸ್ತಾನು ವಹಿಯಲ್ಲಿ ನಮೂದಿಸಿ, ಬಳಿಕ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು, ಗುಜರಿಗೆ ಹಾಕುವುದಲ್ಲ.