ಬಾಗಿಲು ಮುಚ್ಚಿದರಷ್ಟೇ ಪ್ಯಾನೆಲ್‌ಗೆ ತಂಪು

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಪೀಣ್ಯದ ಶೀಟ್ ಶೆಡ್‌ಗಳಲ್ಲಿ ಒಂದು ನೋಟ ತಪ್ಪದು. ಸಿಎನ್‌ಸಿ ಯಂತ್ರದ ಹಿಂದೆ ಎಲೆಕ್ಟ್ರಿಕಲ್ ಪ್ಯಾನೆಲ್‌ನ ಬಾಗಿಲು ಹಾರುಹೊಡೆದಿರುತ್ತದೆ, ಎದುರಿಗೆ ಪೆಡೆಸ್ಟಲ್ ಫ್ಯಾನ್ ಭರ್ರೆಂದು ತಿರುಗುತ್ತಿರುತ್ತದೆ. ಒಳಗಿನ ಬಿಸಿಗೆ ಮೋಟಾರ್ ಓಡಿಸುವ ಡ್ರೈವ್ ಟ್ರಿಪ್ ಆಗಿ ಜಾಬ್ ಅರ್ಧಕ್ಕೆ ನಿಂತರೆ ಆರ್ಡರ್ ಕೊಟ್ಟವರಿಗೆ ಉತ್ತರ ಹೇಳಬೇಕಾದ ಸಣ್ಣ ಮಾಲೀಕರಿಗೆ ಕೈಗೆಟಕುವ ಉಪಾಯ ಅದು. ಆದರೆ ಆ ಫ್ಯಾನ್ ಕೂಲಂಟ್‌ನ ಎಣ್ಣೆಮಂಜನ್ನೂ ಲೋಹದ ಧೂಳನ್ನೂ ಬೋರ್ಡ್‌ಗಳ ಮೇಲೆ ಕೂರಿಸುತ್ತದೆ. ಕರೆಂಟ್ ಹರಿಯುವ ಟರ್ಮಿನಲ್‌ಗಳು ಓಡಾಡುವವರ ಕೈಗೆ ತಾಗುವಂತಿರುವುದು ಇನ್ನೂ ಭಯದ ಮಾತು.

15 ಕಿಲೋವ್ಯಾಟ್ ಡ್ರೈವ್ ಶೇ 3ರಷ್ಟನ್ನು ಶಾಖವಾಗಿ ಬಿಟ್ಟರೂ ಪೂರ್ತಿ ಲೋಡ್‌ನಲ್ಲಿ ಅದು 450 ವ್ಯಾಟ್. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎರಡು ಮೀಟರ್ ಎತ್ತರ, 80 ಸೆಂ.ಮೀ. ಅಗಲ, 50 ಸೆಂ.ಮೀ. ಆಳದ ಉಕ್ಕಿನ ಪ್ಯಾನೆಲ್ ಒಳಗೆ 35, ಹೊರಗೆ 25 ಡಿಗ್ರಿ ಇದ್ದಾಗ ತನ್ನ ಮೈಯಿಂದಲೇ ಸುಮಾರು 290 ವ್ಯಾಟ್ ಹೊರಹಾಕುತ್ತದೆ. ಶೆಡ್ 40 ಮುಟ್ಟಿದ ದಿನ ಲೆಕ್ಕ ತಿರುಗುಮುರುಗು, ಹೊರಗಿನ ಬಿಸಿಯೇ ಒಳನುಗ್ಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಯಲಲ್ಲೇ 39.2 ಡಿಗ್ರಿ ದಾಖಲಾಗಿತ್ತು. ತಗಡಿನ ಸೂರಿನಡಿ ಏನಾಗಿರಬಹುದು ಊಹಿಸಿ. ಬಿಸಿಗಾಳಿಯನ್ನೇ ತಿರುಗಿಸುವ ಫ್ಯಾನ್ ಅಲ್ಲಿ ಸಾಲದು, ಪ್ಯಾನೆಲ್ ಏಸಿಯೇ ಬೇಕು.

ಅದನ್ನು ಕೂರಿಸುವ ಕೆಲಸದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಬಾಗಿಲಲ್ಲಿ ಅದಕ್ಕೆ ಕಟೌಟ್ ಕೊಯ್ಯುವ ಗಳಿಗೆ. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಡ್ರೈವ್‌ನ ಕೆಪಾಸಿಟರ್ ಡಿಸ್ಚಾರ್ಜ್ ಆಗುವವರೆಗೆ ಕಾದು, ಮೀಟರ್ ಹಿಡಿದು ನೋಡಬೇಕು. ಸಾಧ್ಯವಿದ್ದರೆ ಬಾಗಿಲನ್ನೇ ಕಳಚಿ ಹೊರಗೆ ಒಯ್ದು ಕೊಯ್ಯುವುದು ಲೇಸು. ಆಗದಿದ್ದರೆ ಬೋರ್ಡ್‌ಗಳನ್ನೆಲ್ಲ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಅಂಚಿಗೆ ಟೇಪ್ ಹಚ್ಚಬೇಕು. ಜಿಗ್‌ಸಾ ಉದುರಿಸುವ ಕೂದಲೆಳೆಯಂಥ ಚೂರೊಂದು ಟರ್ಮಿನಲ್‌ಗಳ ನಡುವೆ ಉಳಿದರೆ, ಆ ದಿನ ಏನೂ ಆಗದೆ ಮುಂದೆಂದೋ ಶಾರ್ಟ್ ಆಗಬಹುದು. ಏರ್ ಗನ್ ಹೊಡೆಯುವುದು ಬೇಡ, ಚೂರುಗಳು ಇನ್ನೂ ಒಳಕ್ಕೆ ಹಾರುತ್ತವೆ, ವ್ಯಾಕ್ಯೂಮ್‌ನಲ್ಲೇ ಎಳೆಯಬೇಕು.

ಅಂಚು ಅರದಲ್ಲಿ ಉಜ್ಜಿ, ಪೇಂಟ್ ಬಳಿದು, ಗ್ಯಾಸ್ಕೆಟ್ ಕೂರಿಸಿದ ಮೇಲೆ ಹಳೆಯ ಫ್ಯಾನ್ ಕಿಂಡಿಗಳನ್ನೂ ಕೇಬಲ್ ತೂತುಗಳನ್ನೂ ಮುಚ್ಚಲೇಬೇಕು. ಇದನ್ನು ಬಿಟ್ಟರೆ ಏಸಿ ಹಾಕಿದ್ದೇ ದಂಡ: ಹೊರಗಿನ ತೇವದ ಗಾಳಿ ಸೇರುತ್ತಲೇ ಇರುತ್ತದೆ, ಡ್ರೈನ್ ಪೈಪ್‌ನಲ್ಲಿ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಸಾಮಾನ್ಯವಾಗಿ 35 ಡಿಗ್ರಿಗೆ ಇಟ್ಟರೆ ಸಾಕು. ಮಳೆಗಾಲದಲ್ಲಿ 25 ಡಿಗ್ರಿ, ಶೇ 80ರ ತೇವವಿದ್ದಾಗ ಸುಮಾರು 21ಕ್ಕೇ ಇಬ್ಬನಿ ಕಟ್ಟುತ್ತದೆ. ತಂಪು ಹೆಚ್ಚಲೆಂದು 20ಕ್ಕೆ ಇಳಿಸಿ ಬಾಗಿಲು ತೆಗೆದರೆ ಬೋರ್ಡ್ ಮೇಲೆಯೇ ನೀರು. ಬಾಗಿಲು ತೆರೆದೊಡನೆ ಏಸಿ ನಿಲ್ಲಿಸುವ ಡೋರ್ ಸ್ವಿಚ್ ಇರುವುದು ಇದಕ್ಕೇ. ಅದನ್ನು ಬೈಪಾಸ್ ಮಾಡುವ ಚಾಳಿ ಬಿಡಬೇಕು.

ತಣ್ಣನೆ ಗಾಳಿ ಡ್ರೈವ್‌ನ ಫ್ಯಾನ್‌ಗೆ ಎದುರಾಗಿ ಬೀಸದಂತೆಯೂ ನೋಡಿಕೊಳ್ಳಬೇಕು. ಎಣ್ಣೆಮಂಜು ತುಂಬಿದ ಶೆಡ್‌ನಲ್ಲಿ ಕಂಡೆನ್ಸರ್ ಫಿಲ್ಟರ್ ಬೇಗ ಜಿಗಟಾಗುತ್ತದೆ. ಯಂತ್ರಕ್ಕೆ ಆಯಿಲ್ ಹಾಕುವ ಪಟ್ಟಿಯಲ್ಲೇ ಅದನ್ನು ತೊಳೆಯುವ ದಿನವನ್ನೂ ಬರೆದಿಡಬೇಕು.