ಫ್ರೀಜರಿನಲ್ಲಿ ಎದೆಹಾಲು: ಏಕೆ, ಎಷ್ಟು?

ಹೆರಿಗೆ ರಜೆಯ ಲೆಕ್ಕಕ್ಕೂ ಹಸುಗೂಸಿನ ಹೊಟ್ಟೆಯ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. 2017ರಿಂದ ನಮ್ಮಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತಿದೆ, ನಿಜ. ಆದರೆ ಅದರಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಂಡವರಿಗೆ ಆಮೇಲೆ ಉಳಿಯುವುದು 18 ವಾರ. ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಿ ಕೆಲಸಕ್ಕೆ ಹೊರಟ ಮೇಲೂ ಮಗುವಿಗೆ ಅವಳ ಹಾಲೇ ಸಿಗಬೇಕೆಂದರೆ, ಹಿಂಡಿ ತೆಗೆದು ಕಾಪಿಡುವುದೊಂದೇ ದಾರಿ.

ಕಾರಣ ಇದೊಂದೇ ಅಲ್ಲ. ತಾಯಿ ಆಸ್ಪತ್ರೆ ಸೇರಬೇಕಾಗಬಹುದು; ಹಾಲೂಡಿಸುವಾಗ ಸಲ್ಲದ ಔಷಧಿಯನ್ನು ಕೆಲವು ದಿನ ನುಂಗಬೇಕಾಗಬಹುದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಚೀಪುವ ಶಕ್ತಿ ಇರದಿರಬಹುದು. ಆಗಲೂ ತಾಯಿ ಹಾಲು ಹಿಂಡುತ್ತಲೇ ಇರಬೇಕು. ಎದೆಯಲ್ಲಿ ಹಾಲು ತುಂಬಿ ನಿಂತರೆ ಅದರಲ್ಲಿರುವ ಪ್ರೋಟೀನೊಂದು ‘ಇನ್ನು ಸಾಕು’ ಎಂದು ಉತ್ಪಾದನೆಗೆ ತಡೆ ಹಾಕುತ್ತದೆ. ಖಾಲಿಯಾದಷ್ಟೂ ಹೊಸ ಹಾಲು ಬರುತ್ತದೆ.

ಹಾಗಾದರೆ ಫ್ರೀಜರ್ ತುಂಬ ಹಾಲು ಬೇಕೇ? ಬೇಡ. ಒಂದರಿಂದ ಆರು ತಿಂಗಳ ಕೂಸು ದಿನಕ್ಕೆ ಸುಮಾರು 750 ಮಿಲಿಲೀಟರ್ ಕುಡಿಯುತ್ತದೆ. ಅಂದರೆ ಗಂಟೆಗೆ ಹೆಚ್ಚುಕಡಿಮೆ 30. ಅಮ್ಮ ಒಂಬತ್ತು ಗಂಟೆ ಹೊರಗಿದ್ದರೆ ಮುನ್ನೂರು ಮಿಲಿಲೀಟರ್ ಸಾಕು. ಇಂದು ಕಚೇರಿಯಲ್ಲಿ ಹಿಂಡಿದ್ದು ನಾಳೆಯ ಊಟ. ಮೊದಲ ದಿನಕ್ಕೆ, ಜೊತೆಗೆ ಆಪತ್ತಿಗೆಂದು ಎರಡು ಮೂರು ದಿನಗಳದ್ದು ಕೈಯಲ್ಲಿದ್ದರೆ ಆಯಿತು. ರಾಶಿ ಹಾಕುವ ಆಸೆಗೆ ಬಿದ್ದು ಮಿತಿಮೀರಿ ಪಂಪ್ ಮಾಡಿದರೆ ದೇಹ ಅವಳಿ ಮಕ್ಕಳಿದ್ದಾರೆಂದು ಭಾವಿಸಿ ಹಾಲು ಹೆಚ್ಚಿಸುತ್ತದೆ. ಎದೆ ಕಟ್ಟಿ, ಬಾವು ಬಂದು, ಜ್ವರಕ್ಕೆ ತಿರುಗುವುದೂ ಉಂಟು.

ಇನ್ನೊಂದು ಮಾತು: ಫ್ರೀಜರ್ ಕಾಲವನ್ನು ಪೂರ್ತಿ ನಿಲ್ಲಿಸುವುದಿಲ್ಲ. ನೀರು ಮಂಜುಹರಳಾಗುವಾಗ ಕೊಬ್ಬಿನ ಕಣಗಳ ಪೊರೆ ಹರಿಯುತ್ತದೆ. ಹಾಲಿನಲ್ಲಿರುವ ಲೈಪೇಸ್ ಎಂಬ ಕಿಣ್ವ ಆ ಚಳಿಯಲ್ಲೂ ನಿಧಾನವಾಗಿ ಕೊಬ್ಬನ್ನು ಒಡೆಯುತ್ತಿರುತ್ತದೆ. ಕೆಲವರ ಹಾಲು ಸೋಪಿನ ವಾಸನೆ ಹೊಡೆಯುವುದು ಇದರಿಂದಲೇ. ಅದು ಕೆಟ್ಟಿದೆ ಎಂದಲ್ಲ. ಜೀವಂತ ಬಿಳಿರಕ್ತಕಣಗಳು ಸಾಯುತ್ತವೆ, ಸಿ ಜೀವಸತ್ವ ಕುಗ್ಗುತ್ತದೆ. ಆದರೆ ಸೋಂಕಿನಿಂದ ಕಾಪಾಡುವ ಪ್ರತಿಕಾಯಗಳು ಬಹುಪಾಲು ಉಳಿಯುತ್ತವೆ. ಹಾಗಾಗಿ ಎದೆಯಿಂದ ನೇರ ಕುಡಿದ ಹಾಲಿಗೆ ಮೊದಲ ಸ್ಥಾನ, ಫ್ರಿಜ್ಜಿನದ್ದಕ್ಕೆ ಎರಡನೆಯದು, ಫ್ರೀಜರಿನದ್ದಕ್ಕೆ ಮೂರನೆಯದು.

ಕಾಪಿಡುವ ನಿಯಮಗಳು ಸರಳ. 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಬೇರೆ ಬಾಗಿಲಿರುವ ಫ್ರೀಜರಿನಲ್ಲಿ 6 ತಿಂಗಳು. ನಮ್ಮ ಬೇಸಿಗೆಯಲ್ಲಿ ಮೊದಲನೆಯ ಲೆಕ್ಕ ನಡೆಯದು. ಹಿಂಡಿದ ಕೂಡಲೇ ತಣ್ಣಗಿಡಿ. ಒಂಟಿ ಬಾಗಿಲ ಫ್ರಿಜ್ಜಿನ ಐಸ್ ಖಾನೆಯಾದರೆ ಎರಡೇ ವಾರ. ಒಂದು ಹೊತ್ತಿಗೆ ಬೇಕಾಗುವ 60ರಿಂದ 120 ಮಿಲಿಲೀಟರ್‌ನ ಪೊಟ್ಟಣಗಳನ್ನು ಮಾಡಿ, ತಾರೀಖು ಬರೆದು, ಉಬ್ಬಲು ತುಸು ಜಾಗ ಬಿಟ್ಟು ಒಳಬದಿಯಲ್ಲಿಡಿ. ಹಳೆಯದನ್ನು ಮೊದಲು ಬಳಸಿ. ಕರೆಂಟು ಹೋಗಿ ಬಂದಾಗ ಹಾಲಿನಲ್ಲಿ ಮಂಜುಹರಳು ಉಳಿದಿದ್ದರೆ ಚಿಂತೆಯಿಲ್ಲ. ಪೂರ್ತಿ ಕರಗಿದ್ದನ್ನು ಮತ್ತೆ ಗಟ್ಟಿಮಾಡಬಾರದು. ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಸುಡುವಷ್ಟು ಕಾದು ಮಗುವಿನ ಬಾಯಿ ಬೆಂದೀತು. ಕುಡಿಸಲು ಅಜ್ಜಿಯ ಕಾಲದ ಒಳಲೆಯೇ ಸಾಕು. ಚೆನ್ನಾಗಿ ಕುದಿಸಿ ತೆಗೆದಿರಬೇಕು, ಅಷ್ಟೆ.

ಅಷ್ಟಾಗಿಯೂ ಹಾಲು ಮಿಕ್ಕರೆ? ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಆರಂಭಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಅಂಥದೊಂದಿದೆ. ಬ್ಯಾಂಕುಗಳಲ್ಲಿ ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಫ್ರೀಜರಿನಲ್ಲಿಟ್ಟು, ತಾಯಿಯ ಹಾಲು ಸಿಗದ ಎಳೆಗೂಸುಗಳಿಗೆ ಕೊಡುತ್ತಾರೆ. ನಿಮ್ಮ ಮಗುವಿಗೆ ಮೂರು ದಿನದ ಹಾಲು ಇಟ್ಟುಕೊಂಡು, ಉಳಿದದ್ದನ್ನು ಅಲ್ಲಿಗೆ ಕೊಡಿ.